ಸೀಲಿಯಾಕ್ ಇಲ್ಲ ಅಂದರು, ಆದರೂ ಚಪಾತಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಯಾಕೆ?

ಪ್ರಶ್ನೆ: ನಾನು ಶಿವಮೊಗ್ಗದವಳು, 36 ವರ್ಷ. ಮದುವೆಯಾಗಿ ಗುರುಗ್ರಾಮಕ್ಕೆ ಬಂದು ಆರು ವರ್ಷವಾಯಿತು. ಊರಲ್ಲಿದ್ದಾಗ ಅನ್ನ, ದೋಸೆ, ಕಡುಬು ತಿಂದು ಬೆಳೆದವಳು. ಇಲ್ಲಿ ಎರಡು ಹೊತ್ತೂ ಚಪಾತಿ. ಈಚೆಗೆ ಊಟವಾದ ಕೆಲವು ಗಂಟೆಗೆ ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ಜಾಸ್ತಿ. ಒಮ್ಮೆ ಭೇದಿ, ಇನ್ನೊಮ್ಮೆ ಮಲಬದ್ಧತೆ. ಮರುದಿನ ತಲೆ ಭಾರ, ಸುಸ್ತು. ಗೋಧಿಯಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಗೆ ಮಾಡುವ ರಕ್ತ ಪರೀಕ್ಷೆ ನಾರ್ಮಲ್ ಬಂತು. ಆದರೆ ಗೋಧಿ ಬಿಟ್ಟರೆ ಒಂದೇ ವಾರದಲ್ಲಿ ಹೊಟ್ಟೆ ಹಗುರವಾಗುತ್ತದೆ. ಮನೆಯಲ್ಲಿ "ರಿಪೋರ್ಟ್ ಸರಿ ಇದೆ, ನಿನಗೆ ಸುಮ್ನೆ ಭ್ರಮೆ" ಅನ್ನುತ್ತಾರೆ. ಬೇರೆ ಲ್ಯಾಬ್‌ನಲ್ಲಿ ಆಹಾರ ಪರೀಕ್ಷೆ ಮಾಡಿಸಿದೆ. ಅದರಲ್ಲಿ ಗೋಧಿ, ಹಾಲು, ಮೊಟ್ಟೆ, ಬಾದಾಮಿ ಎಲ್ಲ ಕೆಂಪು ಬಣ್ಣದಲ್ಲಿ ಬಂದಿವೆ. ಸೀಲಿಯಾಕ್ ಅಲ್ಲ ಅಂದರೆ ಇದೇನು? ಗೋಧಿಯನ್ನು ಜೀವನಪೂರ್ತಿ ಬಿಡಬೇಕಾ? ಐದು ವರ್ಷದ ಮಗಳಿಗೂ ಬಿಡಿಸಬೇಕಾ?

ಉತ್ತರ: ಮೊದಲು ಮನೆಯವರ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ಒಂದು ರಿಪೋರ್ಟ್ ನಾರ್ಮಲ್ ಬಂತು ಅಂದರೆ ಆ ಒಂದು ಕಾಯಿಲೆಯ ಸುಳಿವು ಸಿಗಲಿಲ್ಲ ಅಂತ ಅಷ್ಟೇ. ಹೊಟ್ಟೆಗೆ ಏನೂ ಆಗಿಲ್ಲ ಅಂತ ಅಲ್ಲ. ನೀವು ಬರೆದಂಥ ಲಕ್ಷಣಗಳನ್ನು ಹೇಳಿಕೊಂಡು ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರ ತೊಂದರೆ ನಿಜವಾದದ್ದೇ.

ಆದರೆ ನಿಮಗೂ ಒಂದು ಮಾತಿದೆ. ಗೋಧಿ ಬಿಟ್ಟಾಗ ಹೊಟ್ಟೆ ಹಗುರಾಯಿತು ಅನ್ನುವುದರಿಂದ ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನೇ ಕಾರಣ ಅಂತ ಸಾಬೀತಾಗುವುದಿಲ್ಲ. ಗೋಧಿಯಲ್ಲಿ ಗ್ಲುಟನ್ ಒಂದೇ ಇಲ್ಲ. ತಟ್ಟೆಯಲ್ಲಿ ಚಪಾತಿ ಒಂದೇ ಇರುವುದಿಲ್ಲ. ಇವೆರಡನ್ನೂ ಮರೆತು ಗ್ಲುಟನ್ ಮೇಲೆ ಎಲ್ಲ ತಪ್ಪು ಹೊರಿಸಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ.

ಅದಕ್ಕೂ ಮುಂಚೆ ಸೀಲಿಯಾಕ್ ಇಲ್ಲ ಅನ್ನುವುದು ಎಷ್ಟು ಗಟ್ಟಿ ಅಂತ ನೋಡೋಣ. ರಕ್ತ ಕೊಟ್ಟ ದಿನಗಳಲ್ಲಿ ನೀವು ಗೋಧಿ ತಿನ್ನುತ್ತಿದ್ದಿರಾ, ಬಿಟ್ಟಿದ್ದಿರಾ? ಪತ್ರದಲ್ಲಿ ಬರೆದಿಲ್ಲ. ಇದು ಸಣ್ಣ ವಿಷಯ ಅಲ್ಲ. ಸೀಲಿಯಾಕ್‌ನಲ್ಲಿ ಗ್ಲುಟನ್ ಒಳಗೆ ಹೋದಾಗ ನಮ್ಮ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಪರೀಕ್ಷೆಯಲ್ಲಿ ಹುಡುಕುವುದು ಆ ದಾಳಿಯ ಗುರುತನ್ನು, ಅಂದರೆ ನಮ್ಮ ದೇಹದ್ದೇ ಆದ ಟಿಟಿಜಿ ಅನ್ನುವ ಕಿಣ್ವದ ವಿರುದ್ಧ ಹುಟ್ಟುವ ಐಜಿಎ ಪ್ರತಿಕಾಯವನ್ನು. ಗೋಧಿ ಬಿಟ್ಟು ಕೆಲವು ತಿಂಗಳಾಗಿದ್ದರೆ ಆ ಗುರುತು ಮಾಸಿಹೋಗಿರುತ್ತದೆ. ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಅನ್ನುತ್ತದೆ. ಇನ್ನೊಂದು ತೊಡಕೂ ಇದೆ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನರ ದೇಹ ಐಜಿಎಯನ್ನೇ ಸರಿಯಾಗಿ ತಯಾರಿಸುವುದಿಲ್ಲ. ಅಂಥವರಲ್ಲಿ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಅದಕ್ಕೇ ಒಟ್ಟು ಐಜಿಎ ಎಷ್ಟಿದೆ ಅಂತಲೂ ಜೊತೆಗೇ ನೋಡಬೇಕು. ನಿಮ್ಮ ರಿಪೋರ್ಟ್‌ನಲ್ಲಿ ಆ ಸಾಲು ಇದೆಯಾ ಅಂತ ಒಮ್ಮೆ ನೋಡಿ.

ಗೋಧಿ ಬಿಟ್ಟಾಗ ಮಾಡಿಸಿದ ಪರೀಕ್ಷೆ ಆಗಿದ್ದರೆ ದಾರಿ ಎರಡು. ಒಂದು, ಕನಿಷ್ಠ ಆರು ವಾರ ದಿನಕ್ಕೆ ಒಂದಕ್ಕಿಂತ ಜಾಸ್ತಿ ಊಟದಲ್ಲಿ ಗೋಧಿ ತಿಂದು ಮತ್ತೆ ರಕ್ತ ಕೊಡುವುದು. ಇದನ್ನು ವೈದ್ಯರನ್ನು ಕೇಳಿಯೇ ಮಾಡಿ. ಎರಡನೆಯದು ಎಚ್ಎಲ್ಎ ಡಿಕ್ಯೂ2, ಡಿಕ್ಯೂ8 ಅನ್ನುವ ಜೀನ್ ಪರೀಕ್ಷೆ. ಇದಕ್ಕೆ ಗೋಧಿ ತಿನ್ನಲೇಬೇಕು ಅಂತಿಲ್ಲ. ಎರಡೂ ಜೀನ್ ಇಲ್ಲದಿದ್ದರೆ ಸೀಲಿಯಾಕ್ ಇರುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಇದ್ದರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ. ಯಾಕೆಂದರೆ ಆ ಜೀನ್ ನಮ್ಮಲ್ಲಿ ಮೂವರಲ್ಲಿ ಒಬ್ಬರಿಗೆ ಇರುತ್ತದೆ, ಕಾಯಿಲೆ ಬರುವುದು ಅವರಲ್ಲಿ ಕೆಲವರಿಗೆ ಮಾತ್ರ.

ಇಲ್ಲಿ ನಿಮ್ಮಂಥವರಿಗೆ ಸಂಬಂಧಿಸಿದ ಒಂದು ಸ್ವಾರಸ್ಯ ಇದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಭಾರತೀಯ ಸಮೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಶೇ. 1.23 ಜನರ ರಕ್ತದಲ್ಲಿ ಸಿಕ್ಕಿತು, ದಕ್ಷಿಣದಲ್ಲಿ ಬರೀ ಶೇ. 0.10. ಜೀನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಅನ್ನದ ಊರಿಂದ ಗೋಧಿಯ ಊರಿಗೆ ಹೋದವರು ಈ ಪರೀಕ್ಷೆಯನ್ನು ಅರೆಬರೆ ಮಾಡಿಸಿ ಸುಮ್ಮನಾಗಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ರಕ್ತಹೀನತೆ, ತೂಕ ಇಳಿಯುವುದು ಇದ್ದರಂತೂ ಕೇಳುವುದೇ ಬೇಡ.

ಗೋಧಿ ಅಲರ್ಜಿ ಬೇರೆಯೇ ವಿಷಯ, ಬೇಗ ಮುಗಿಸುತ್ತೇನೆ. ಅದು ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ತೋರುತ್ತದೆ. ಮೈಮೇಲೆ ಗಂಧೆ, ತುಟಿ ಊತ, ವಾಂತಿ, ಉಸಿರು ಕಟ್ಟುವುದು. ಕೆಲವರಿಗೆ ಗೋಧಿ ತಿಂದು ಓಡಿದರೆ ಅಥವಾ ವ್ಯಾಯಾಮ ಮಾಡಿದರೆ ಮಾತ್ರ ಬರುತ್ತದೆ. ನಿಮ್ಮ ಪತ್ರದಲ್ಲಿ ಇದ್ಯಾವುದೂ ಇಲ್ಲ. ಇದ್ದಿದ್ದರೆ ನಾನು ಮುಂದೆ ಹೇಳುವ ಪ್ರಯೋಗಗಳನ್ನು ಮನೆಯಲ್ಲಿ ಮಾಡಬೇಡಿ ಅನ್ನುತ್ತಿದ್ದೆ.

ಸರಿ, ಸೀಲಿಯಾಕ್ ಇಲ್ಲ, ಅಲರ್ಜಿ ಇಲ್ಲ ಅಂತಿಟ್ಟುಕೊಳ್ಳೋಣ. ಇಂಥವರ ಬಗ್ಗೆ ವೈದ್ಯರು ಬರೆಯಲು ಶುರುಮಾಡಿದ್ದು ಇವತ್ತು ನಿನ್ನೆ ಅಲ್ಲ. ಸೀಲಿಯಾಕ್ ಇಲ್ಲದೆಯೂ ಗ್ಲುಟನ್ ಆಗಿಬರದ ಒಬ್ಬ ಹೆಂಗಸಿನ ವಿಷಯ 1978ರಲ್ಲೇ ಬ್ರಿಟನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಆಮೇಲೆ ಬಹಳ ವರ್ಷ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಗ್ಲುಟನ್ ಇಲ್ಲದ ಆಹಾರದ ಹುಚ್ಚು ಪಶ್ಚಿಮದ ದೇಶಗಳಲ್ಲಿ ಹಬ್ಬಿದ ಮೇಲೆ ಸಂಶೋಧನೆಯೂ ಜೋರಾಯಿತು.

ಇದರಲ್ಲಿ ನನಗೆ ತುಂಬಾ ಹಿಡಿಸುವುದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದವರ ಕಥೆ. 2011ರಲ್ಲಿ ಅವರು ಸೀಲಿಯಾಕ್ ಇಲ್ಲದ 34 ಜನರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಗ್ಲುಟನ್ ಇರುವ ಬ್ರೆಡ್ಡು, ಮಫಿನ್. ಉಳಿದವರಿಗೆ ನೋಡಲು ಅದೇ ಥರದ, ಗ್ಲುಟನ್ ಇಲ್ಲದ ತಿಂಡಿ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಗ್ಲುಟನ್ ತಿಂದವರಿಗೆ ನೋವು, ಉಬ್ಬರ, ಸುಸ್ತು ಜಾಸ್ತಿಯಾಯಿತು. ಅಲ್ಲಿಗೆ ಗ್ಲುಟನ್ ಅಪರಾಧಿ ಅಂತ ತೀರ್ಪು ಬಂದ ಹಾಗೆಯೇ ಆಯಿತು. ಆದರೆ ಅದೇ ತಂಡ ಅಷ್ಟಕ್ಕೆ ನಿಲ್ಲಲಿಲ್ಲ. 2013ರಲ್ಲಿ ಇನ್ನೂ ಬಿಗಿಯಾಗಿ ಪ್ರಯೋಗ ಮಾಡಿತು. ಈ ಸಲ 37 ಜನ. ಎಲ್ಲರಿಗೂ ಮೊದಲು ಎರಡು ವಾರ ಹೊಟ್ಟೆಯಲ್ಲಿ ಹುಳಿತು ಗ್ಯಾಸ್ ಮಾಡುವ ಕೆಲವು ಸಕ್ಕರೆಗಳನ್ನು ಊಟದಿಂದ ತೆಗೆದರು. ಗ್ಲುಟನ್ ಆಗಿಬರಲ್ಲ ಅಂತ ಹೇಳಿಕೊಂಡು ಬಂದಿದ್ದ ಅಷ್ಟೂ ಜನಕ್ಕೆ ಆಗಲೇ ಆರಾಮ ಸಿಕ್ಕಿತು. ಆಮೇಲೆ ದಿನಕ್ಕೆ 16 ಗ್ರಾಂವರೆಗೆ ಗ್ಲುಟನ್ ಕೊಟ್ಟು ನೋಡಿದರು. ಗ್ಲುಟನ್‌ನಿಂದಲೇ ತೊಂದರೆ ಅಂತ ಹೇಳುವ ಹಾಗಿದ್ದದ್ದು ಶೇ. 8 ಜನರಲ್ಲಿ ಮಾತ್ರ. ಎರಡೇ ವರ್ಷದ ಹಿಂದೆ ತಾವೇ ಕೊಟ್ಟ ಉತ್ತರವನ್ನು ತಾವೇ ಹೀಗೆ ಅಲುಗಾಡಿಸುವುದು ವಿಜ್ಞಾನದಲ್ಲೂ ದಿನಾ ಕಾಣುವ ಸಂಗತಿಯಲ್ಲ.

ಹಾಗಾದರೆ ಆ ಸಕ್ಕರೆಗಳು ಯಾವುವು? ಗೋಧಿಯಲ್ಲಿ ಮುಖ್ಯವಾದದ್ದು ಫ್ರಕ್ಟಾನ್. ಸಕ್ಕರೆಯ ಒಂದು ಜಾತಿ, ಆದರೆ ಸಿಹಿ ಇಲ್ಲ. ಇದನ್ನು ಒಡೆಯುವ ಕಿಣ್ವ ಮನುಷ್ಯರ ಯಾರ ಹೊಟ್ಟೆಯಲ್ಲೂ ಇಲ್ಲ. ನಿಮಗೂ ಇಲ್ಲ, ನಿಮ್ಮ ಮನೆಯವರಿಗೂ ಇಲ್ಲ. ಹಾಗಾಗಿ ಅದು ಜೀರ್ಣವಾಗದೆ ಸಣ್ಣ ಕರುಳು ದಾಟುತ್ತದೆ, ದಾರಿಯಲ್ಲಿ ನೀರನ್ನೂ ಎಳೆದುಕೊಳ್ಳುತ್ತದೆ. ದೊಡ್ಡ ಕರುಳಿಗೆ ಬಂದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ತಿಂದು ಗ್ಯಾಸ್ ಬಿಡುತ್ತವೆ. ಇಷ್ಟು ಎಲ್ಲರಲ್ಲೂ ನಡೆಯುತ್ತದೆ. ಕೆಲವರ ಕರುಳಿನ ನರಗಳು ಸೂಕ್ಷ್ಮ. ಅದೇ ಪ್ರಮಾಣದ ಗ್ಯಾಸ್ ಒಬ್ಬರಿಗೆ ಗೊತ್ತೇ ಆಗುವುದಿಲ್ಲ, ಇನ್ನೊಬ್ಬರಿಗೆ ಸೀರೆಯ ನೆರಿಗೆ ಸಡಿಲ ಮಾಡಬೇಕು ಅನ್ನುವಷ್ಟು ಹಿಂಸೆ. ಇಂಥ ಹೊಟ್ಟೆಗೇ ಐಬಿಎಸ್ ಅನ್ನುತ್ತೇವೆ. ನಿಮಗೆ ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ ಅಂದಿರಲ್ಲ, ಅದು ಐಬಿಎಸ್‌ನ ಚಹರೆಗೆ ಹೊಂದುತ್ತದೆ. ಊಟವಾದ ಕೂಡಲೇ ಅಲ್ಲದೆ ಕೆಲವು ಗಂಟೆ ಬಿಟ್ಟು ಉಬ್ಬರ ಶುರುವಾಗುವುದೂ ಇದಕ್ಕೆ ಸರಿಹೋಗುತ್ತದೆ. ತಿಂದದ್ದು ದೊಡ್ಡ ಕರುಳು ತಲುಪಲು ಅಷ್ಟು ಹೊತ್ತು ಬೇಕು.

ಗ್ಲುಟನ್ನಾ, ಫ್ರಕ್ಟಾನಾ ಅಂತ ನೇರವಾಗಿ ಮುಖಾಮುಖಿ ಮಾಡಿಸಿದವರು ನಾರ್ವೆಯ ಓಸ್ಲೋದವರು, 2018ರಲ್ಲಿ. ಸೀಲಿಯಾಕ್ ಇಲ್ಲದ, ಆದರೆ ತಾವಾಗಿಯೇ ಗ್ಲುಟನ್ ಬಿಟ್ಟಿದ್ದ 59 ಜನ. ಒಂದು ವಾರ ಗ್ಲುಟನ್ ಬೆರೆಸಿದ ಬಾರ್ (ಚಿಕ್ಕಿಯಂಥ ತಿಂಡಿ), ಒಂದು ವಾರ ಫ್ರಕ್ಟಾನ್ ಬೆರೆಸಿದ ಬಾರ್, ಒಂದು ವಾರ ಎರಡೂ ಇಲ್ಲದ ಬಾರ್. ರುಚಿ, ರೂಪ ಒಂದೇ. ಒಟ್ಟಾರೆ ನೋಡಿದಾಗ ಹೊಟ್ಟೆ ಉಬ್ಬರ ಜಾಸ್ತಿಯಾಗಿದ್ದು ಫ್ರಕ್ಟಾನ್ ವಾರದಲ್ಲಿ. ಗ್ಲುಟನ್‌ಗೂ ಏನೂ ಇಲ್ಲದ ಬಾರ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ 24 ಜನಕ್ಕೆ ಫ್ರಕ್ಟಾನ್‌ನಲ್ಲಿ ಅತಿ ಹೆಚ್ಚು ತೊಂದರೆ, 13 ಜನಕ್ಕೆ ಗ್ಲುಟನ್‌ನಲ್ಲಿ, 22 ಜನಕ್ಕೆ ಏನೂ ಇಲ್ಲದ ಬಾರ್‌ನಲ್ಲಿ. ಆ 22 ಜನರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಊಟದ ತಟ್ಟೆಗೆ ಬನ್ನಿ. ಫ್ರಕ್ಟಾನ್ ಗೋಧಿಯಲ್ಲಿ ಮಾತ್ರ ಇಲ್ಲ. ಈರುಳ್ಳಿಯಲ್ಲಿದೆ. ಬೆಳ್ಳುಳ್ಳಿಯಲ್ಲಿ, ತೂಕಕ್ಕೆ ತೂಕ ನೋಡಿದರೆ, ಗೋಧಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ರಾಜ್ಮಾ, ಕಾಬೂಲಿ ಕಡಲೆ, ಬೇಳೆಗಳಲ್ಲಿ ಇದರ ಅಣ್ಣತಮ್ಮನಂಥ ಇನ್ನೊಂದು ಸಕ್ಕರೆ ಇದೆ, ಅದೂ ಜೀರ್ಣವಾಗುವುದಿಲ್ಲ. ಹಾಲು, ಲಸ್ಸಿಯಲ್ಲಿ ಲ್ಯಾಕ್ಟೋಸ್. ನಮ್ಮ ದೇಶದಲ್ಲಿ ದೊಡ್ಡವರಾದ ಮೇಲೆ ಲ್ಯಾಕ್ಟೋಸ್ ಅರಗದವರು ಬಹಳ, ದಕ್ಷಿಣದವರಲ್ಲಿ ಇನ್ನೂ ಜಾಸ್ತಿ. ಉತ್ತರ ಭಾರತದ ಊಟ ಅಂದರೆ ಏನು ಹೇಳಿ? ಚಪಾತಿ, ಈರುಳ್ಳಿ ಬೆಳ್ಳುಳ್ಳಿ ಹುರಿದು ರುಬ್ಬಿದ ಗ್ರೇವಿ, ರಾಜ್ಮಾ ಅಥವಾ ಛೋಲೆ, ಪಕ್ಕದಲ್ಲಿ ಹಸಿ ಈರುಳ್ಳಿ, ಕೊನೆಗೆ ಲಸ್ಸಿ. ಗೋಧಿ ಬಿಟ್ಟ ದಿನ ನೀವು ಏನು ತಿಂದಿರಿ? ಊರಿನ ಅನ್ನ, ತಿಳಿಸಾರು, ಮೊಸರು ಇರಬೇಕು, ಅಲ್ವಾ? ಚಪಾತಿಯ ಜೊತೆಗೆ ಉಳಿದ ಅಷ್ಟೂ ಹೋಯಿತು. ಹೊಟ್ಟೆ ಹಗುರವಾಯಿತು. ಹೆಸರು ಮಾತ್ರ ಗೋಧಿಗೆ ಬಂತು.

ಇದು ಗುರುಗ್ರಾಮದ ಕಥೆ ಮಾತ್ರ ಅಲ್ಲ. ಸಕ್ಕರೆ ಕಾಯಿಲೆ ಬಂತು ಅಂತ ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದವರು ಕರ್ನಾಟಕದಲ್ಲಿ ಮನೆಗೊಬ್ಬರು ಇದ್ದಾರೆ. ಅವರದ್ದೂ ಇದೇ ದೂರು. ಅನ್ನಕ್ಕೆ ಸಾರು ಸಾಕಿತ್ತು, ಚಪಾತಿಗೆ ಈರುಳ್ಳಿ ಹಾಕಿದ ಸಾಗುವೋ ಕಡಲೆ ಪಲ್ಯವೋ ಬೇಕೇಬೇಕು.

ಹಿಟ್ಟಿನ ವಿಷಯದಲ್ಲಿ ಇನ್ನೊಂದು ಮಾತು. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದವರು 2016ರಲ್ಲಿ ಬ್ರೆಡ್ ಹಿಟ್ಟನ್ನು ಬೇರೆ ಬೇರೆ ಹೊತ್ತು ಹುದುಗಲು ಬಿಟ್ಟು ಈ ಸಕ್ಕರೆಗಳನ್ನು ಅಳೆದರು. ಒಂದು ಗಂಟೆ ಹುದುಗಿದ ಹಿಟ್ಟಿನಲ್ಲಿ ಅವು ಅತಿ ಹೆಚ್ಚಿದ್ದವು. ನಾಲ್ಕು ಗಂಟೆ ಬಿಟ್ಟಾಗ ಬಹುಪಾಲು ಕರಗಿಹೋಗಿದ್ದವು, ಯೀಸ್ಟ್ ತಿಂದು ಮುಗಿಸಿತ್ತು. ಬೇಕರಿಯಲ್ಲಿ ಅವಸರಕ್ಕೆ ಮಾಡಿದ ಬ್ರೆಡ್ಡು ಆಗಿಬರದೆ, ನಿಧಾನಕ್ಕೆ ಹುಳಿಸಿ ಮಾಡಿದ್ದು ಆಗಿಬರುತ್ತದೆ ಅಂತ ಕೆಲವರು ಹೇಳುವುದು ಸುಳ್ಳಲ್ಲ. ಚಪಾತಿ ಹಿಟ್ಟಿನಲ್ಲಿ ಯೀಸ್ಟ್ ಇಲ್ಲ, ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಅದು ಹುದುಗಿದ ಹಾಗೆ ಅಲ್ಲ. ಅದರ ಫ್ರಕ್ಟಾನ್ ಹಾಗೇ ಹೊಟ್ಟೆಗೆ ಬರುತ್ತದೆ.

ಫ್ರಕ್ಟಾನ್ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ. ಆದರೆ ಎಲ್ಲವನ್ನೂ ಅದರ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ. ಮರುದಿನದ ತಲೆ ಭಾರ, ಸುಸ್ತು, ಕೆಲವರಿಗೆ ಬರುವ ಕೀಲು ನೋವು, ಇವನ್ನು ಬರೀ ಗ್ಯಾಸ್‌ನಿಂದ ವಿವರಿಸುವುದು ಕಷ್ಟ. ಇಲ್ಲಿ ಬೇರೆ ಶಂಕಿತರು ಇದ್ದಾರೆ.

ಗೋಧಿಕಾಳಿನಲ್ಲಿ ಎಟಿಐ ಅನ್ನುವ ಪ್ರೋಟೀನ್‌ಗಳಿವೆ. ಕೀಟಗಳಿಗೆ ಕಾಳು ಅರಗದಿರಲಿ ಅಂತ ಗಿಡ ಮಾಡಿಕೊಂಡ ರಕ್ಷಣೆ. ಗೋಧಿಯ ಪ್ರೋಟೀನ್‌ನಲ್ಲಿ ಶೇ. 2ರಿಂದ 4ರಷ್ಟು. ಜರ್ಮನಿಯ ಮೈನ್ಜ್‌ನ ಡೆಟ್ಲೆಫ್ ಶುಪ್ಪಾನ್ ಅವರ ತಂಡ 2012ರಲ್ಲಿ ತೋರಿಸಿದ್ದೇನೆಂದರೆ, ಈ ಎಟಿಐಗಳು ರೋಗನಿರೋಧಕ ಕೋಶಗಳ ಮೇಲಿರುವ ಟಿಎಲ್‌ಆರ್‌4 ಅನ್ನುವ ಗುಂಡಿಯನ್ನು ಒತ್ತುತ್ತವೆ. ಬ್ಯಾಕ್ಟೀರಿಯಾ ಬಂದಾಗ ಒತ್ತಬೇಕಾದ ಗುಂಡಿ ಅದು. ಒತ್ತಿದರೆ ಸಣ್ಣದಾಗಿ ಉರಿಯೂತ ಶುರುವಾಗುತ್ತದೆ. ಕೋಶಗಳಲ್ಲಿ, ಇಲಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮನುಷ್ಯರ ಹೊಟ್ಟೆಯಲ್ಲಿ ತೊಂದರೆಗೆ ಇದೇ ಕಾರಣ ಅನ್ನುವಷ್ಟು ಗಟ್ಟಿ ಸಾಕ್ಷಿ ಇನ್ನೂ ಬಂದಿಲ್ಲ.

ಇನ್ನೊಂದು ವಿಚಾರ, ಕರುಳಿನೊಳಗೇ ನಡೆಯುವ ಅಲರ್ಜಿ. ಜರ್ಮನಿಯ ವೈದ್ಯರು ಐಬಿಎಸ್ ಇರುವವರ ಸಣ್ಣ ಕರುಳಿಗೆ ಸೂಕ್ಷ್ಮದರ್ಶಕ ಇರುವ ಎಂಡೋಸ್ಕೋಪ್ ಇಳಿಸಿ, ಅಲ್ಲೇ ನೇರವಾಗಿ ಗೋಧಿ, ಹಾಲು, ಸೋಯಾ, ಯೀಸ್ಟ್ ಇವುಗಳ ದ್ರಾವಣ ಹಾಕಿ ನೋಡಿದರು. ಅನೇಕರಲ್ಲಿ ಐದೇ ನಿಮಿಷದಲ್ಲಿ ಕರುಳಿನ ಒಳಪದರದಲ್ಲಿ ಸಂದು ಬಿಟ್ಟಿದ್ದು ಕಂಡಿತು. ಹಾಗೆ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕಾರಣ ಗೋಧಿಯೇ. ಸಾಮಾನ್ಯ ಅಲರ್ಜಿ ಪರೀಕ್ಷೆಯಲ್ಲಿ ಇವರಿಗೆಲ್ಲ ಏನೂ ಇರಲಿಲ್ಲ. ಇಟಲಿಯ ಪಲೆರ್ಮೊದಲ್ಲಿ 2012ರಲ್ಲಿ ಇದಕ್ಕೆ ಹೊಂದುವ ಇನ್ನೊಂದು ಸಂಗತಿ ಸಿಕ್ಕಿತ್ತು. ಐಬಿಎಸ್ ಅಂತ ಬಂದಿದ್ದ 920 ಜನಕ್ಕೆ ಗೊತ್ತಾಗದ ಹಾಗೆ ಗೋಧಿ ಕೊಟ್ಟು ನೋಡಿದಾಗ 276 ಜನಕ್ಕೆ ನಿಜಕ್ಕೂ ಗೋಧಿ ಆಗಿಬರಲಿಲ್ಲ. ಅವರಲ್ಲಿ ಒಂದು ಗುಂಪಿನವರ ಲಕ್ಷಣ ಸೀಲಿಯಾಕ್ ಕಡೆ ವಾಲಿದ್ದರೆ, ಇನ್ನೊಂದು ಗುಂಪಿನವರದ್ದು ಹಲವು ಆಹಾರಗಳ ಅಲರ್ಜಿಯ ಕಡೆ.

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಸೀಲಿಯಾಕ್ ಇಲ್ಲದೆಯೂ ಗೋಧಿ ಆಗಿಬರದವರ ರಕ್ತ ನೋಡಿದರು. ಕರುಳಿನ ಒಳಪದರಕ್ಕೆ ಪೆಟ್ಟಾದ ಗುರುತು, ಅಲ್ಲಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರಿದಾಗ ದೇಹ ತೋರುವ ಪ್ರತಿಕ್ರಿಯೆ, ಎರಡೂ ಸಿಕ್ಕಿದವು. ಹೊಟ್ಟೆಯಾಚೆಗಿನ ಸುಸ್ತು, ತಲೆ ಭಾರಕ್ಕೆ ಸುಳಿವು ಇಲ್ಲೇ ಇರಬಹುದು ಅಂತ ನನಗನಿಸುತ್ತದೆ. ಮುಂದೆ ಒಂದು ದಿನ ಇದರಿಂದಲೇ ಒಂದು ಪರೀಕ್ಷೆ ಹುಟ್ಟಲೂಬಹುದು. ಇವತ್ತಿಗೆ ಮಾತ್ರ ಗೋಧಿ ಸೂಕ್ಷ್ಮತೆಯನ್ನು ಖಚಿತವಾಗಿ ಹೇಳುವ ರಕ್ತ ಪರೀಕ್ಷೆ ಯಾವುದೂ ಇಲ್ಲ.

ನಿಮ್ಮ ಕೆಂಪು ಪಟ್ಟಿಯ ರಿಪೋರ್ಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದು ಹೆಚ್ಚಾಗಿ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಇರುತ್ತದೆ. ಯಾವ ಆಹಾರವನ್ನು ಮೇಲಿಂದ ಮೇಲೆ ತಿನ್ನುತ್ತೀವೋ ಅದಕ್ಕೆ ಐಜಿಜಿ ಇರುವುದು ಸಹಜ. ಅದು ತಿಂದದ್ದರ ಗುರುತು, ಕಾಯಿಲೆಯ ಗುರುತಲ್ಲ. ಅಲರ್ಜಿ ತಜ್ಞರ ಸಂಘಗಳು ಈ ಪರೀಕ್ಷೆ ಮಾಡಿಸಬೇಡಿ ಅಂತ ಬಹಳ ಹಿಂದೆಯೇ ಹೇಳಿವೆ. ಅದನ್ನು ನಂಬಿ ಹಾಲು, ಮೊಟ್ಟೆ, ಬಾದಾಮಿ ಬಿಡಬೇಡಿ. ಇದರ ಮಾರಾಟದ ಬಗ್ಗೆ ನನಗಿರುವ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು.

ಇನ್ನು ಏನೂ ಇಲ್ಲದ ಬಾರ್ ತಿಂದು ಕಷ್ಟಪಟ್ಟ ಆ 22 ಜನ. ಈ ಥರದ ಹತ್ತು ಪ್ರಯೋಗಗಳ 231 ಜನರ ಲೆಕ್ಕವನ್ನು 2017ರಲ್ಲಿ ಒಟ್ಟುಮಾಡಿದಾಗ, ಗ್ಲುಟನ್‌ಗೇ ಖಾಸಾ ಅನ್ನಬಹುದಾದ ತೊಂದರೆ ಶೇ. 16 ಜನರಲ್ಲಿ ಕಂಡಿತು. ಸುಳ್ಳು ಬಾರ್, ಸುಳ್ಳು ಗುಳಿಗೆಗೂ ಅಷ್ಟೇ ಅಥವಾ ಇನ್ನೂ ಜಾಸ್ತಿ ತೊಂದರೆ ಆದವರು ಶೇ. 40. ಇಂಗ್ಲೆಂಡಿನ ಲೀಡ್ಸ್ ಮತ್ತು ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಇನ್ನೂ ಜಾಣತನದ ಪ್ರಯೋಗ ನಡೆಯಿತು. ಕೆಲವರಿಗೆ "ಇದರಲ್ಲಿ ಗ್ಲುಟನ್ ಇದೆ" ಅಂತ ಹೇಳಿ ಕೊಟ್ಟರು, ಕೆಲವರಿಗೆ "ಇಲ್ಲ" ಅಂತ. ನಿಜವಾಗಿ ಇತ್ತೋ ಇಲ್ಲವೋ ಅದು ಬೇರೆ. ಇದೆ ಅಂತ ನಂಬಿ, ನಿಜವಾಗಿಯೂ ಗ್ಲುಟನ್ ತಿಂದವರಿಗೆ ತೊಂದರೆ ಅತಿ ಜಾಸ್ತಿ. ನಂಬಿಕೆಯ ಪಾಲು ಗ್ಲುಟನ್ ಪಾಲಿಗಿಂತ ದೊಡ್ಡದಾಗಿತ್ತು.

ಇದನ್ನು ಓದಿ ಮನೆಯವರು "ನಾವು ಹೇಳಲಿಲ್ವಾ" ಅನ್ನಬಹುದು. ಹಾಗಲ್ಲ. ಪರೀಕ್ಷೆ ಹಾಲ್‌ಗೆ ಹೋಗುವ ಮುಂಚೆ ಹೊಟ್ಟೆ ಕೆಡುವುದು ಯಾರಿಗೂ ಹೊಸದಲ್ಲ. ಆ ಭೇದಿಯನ್ನು ಯಾರೂ ಭ್ರಮೆ ಅನ್ನುವುದಿಲ್ಲ. ಕರುಳಿಗೂ ಮೆದುಳಿಗೂ ನಡುವೆ ನರಗಳ ಓಡಾಟ ಎರಡೂ ದಿಕ್ಕಿನಲ್ಲಿದೆ. ಪ್ರತಿ ಸಲ ಚಪಾತಿ ತಿಂದಾಗ ನೋವಾದರೆ, ಮುಂದಿನ ಚಪಾತಿ ಕಂಡಾಗಲೇ ಕರುಳು ಬಿಗಿಯುತ್ತದೆ. ನೋವು ನಿಜ, ಕಾರಣ ಮಾತ್ರ ಹಿಟ್ಟಿನಲ್ಲಿ ಇಲ್ಲದಿರಬಹುದು.

"ಈಗಿನ ಗೋಧಿಯೇ ಕೆಟ್ಟದ್ದು, ಹಳೇ ಕಾಲದ ಗೋಧಿ ಚೆನ್ನಾಗಿತ್ತು" ಅನ್ನುವ ವಾದವೂ ನಿಮ್ಮ ಕಿವಿಗೆ ಬಿದ್ದಿರಬೇಕು. ಜರ್ಮನಿಯ ಲೈಬ್‌ನಿಟ್ಸ್ ಸಂಸ್ಥೆಯ ವಿಜ್ಞಾನಿಗಳು 1891ರಿಂದ 2010ರವರೆಗಿನ 60 ಗೋಧಿ ತಳಿಗಳನ್ನು ಬೆಳೆಸಿ ಅಳೆದರು. ಗ್ಲುಟನ್ ಪ್ರಮಾಣ ಹೆಚ್ಚಾಗಿರಲಿಲ್ಲ. ಸೀಲಿಯಾಕ್‌ನಲ್ಲಿ ಹೆಚ್ಚು ಕಾಡುವ ಗ್ಲಯಾಡಿನ್ ಭಾಗ ಕಡಿಮೆಯೇ ಆಗಿತ್ತು. ಇನ್ನು ಕುಲಾಂತರಿ ಗೋಧಿಯನ್ನು ನಮ್ಮ ದೇಶದಲ್ಲಿ ಬೆಳೆಯುವುದೇ ಇಲ್ಲ. ಖಪ್ಲಿ ಗೋಧಿ ಕೆಲವರಿಗೆ ಹಗುರ ಅನಿಸುತ್ತದೆ, ಅನಿಸಿದರೆ ತಿನ್ನಲಿ. ಆದರೆ ಅದರಲ್ಲಿ ಗ್ಲುಟನ್ ಇಲ್ಲ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಸೀಲಿಯಾಕ್ ಇರುವವರಿಗೆ ಅದೂ ವಿಷವೇ.

ಈಗ ನೀವು ಮಾಡಬೇಕಾದ್ದು. ಸೀಲಿಯಾಕ್ ಇಲ್ಲ ಅಂತ ಖಚಿತವಾದ ಮೇಲೆಯೇ ಇದನ್ನು ಶುರುಮಾಡಿ, ಸಾಧ್ಯವಾದರೆ ಆಹಾರ ತಜ್ಞರ ಜೊತೆ. ಮೂರು ನಾಲ್ಕು ವಾರ ಗೋಧಿಯ ಜೊತೆ ಈರುಳ್ಳಿ, ಬೆಳ್ಳುಳ್ಳಿ, ರಾಜ್ಮಾ, ಕಡಲೆ, ಹಾಲು ಎಲ್ಲ ಬಿಡಿ. ಅನ್ನ, ರಾಗಿ, ಜೋಳ ತಿನ್ನಿ. ಬೆಳ್ಳುಳ್ಳಿಯ ಘಮ ಇಲ್ಲದೆ ಊಟ ಸೇರುವುದಿಲ್ಲ ಅನ್ನುವವರಿಗೆ ಒಂದು ಉಪಾಯ ಇದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಒಗ್ಗರಣೆ ಎಣ್ಣೆಯಲ್ಲಿ ಇಡೀ ಎಸಳು ಹುರಿದು, ತೆಗೆದು ಬಿಸಾಕಿ, ಆಮೇಲೆ ಉಳಿದದ್ದು ಹಾಕಿ. ಘಮ ಉಳಿಯುತ್ತದೆ.

ಹೊಟ್ಟೆ ಶಾಂತವಾದ ಮೇಲೆ ಒಂದೊಂದನ್ನೇ ವಾಪಸ್ ತನ್ನಿ, ಒಂದೊಂದಕ್ಕೆ ಮೂರು ದಿನ, ದಿನದಿಂದ ದಿನಕ್ಕೆ ಸ್ವಲ್ಪ ಜಾಸ್ತಿ. ಗೋಧಿಯಿಂದ ಶುರುಮಾಡಬೇಡಿ, ಈರುಳ್ಳಿ ಬೆಳ್ಳುಳ್ಳಿಯಿಂದ ಶುರುಮಾಡಿ. ಅವುಗಳಲ್ಲಿ ಫ್ರಕ್ಟಾನ್ ಇದೆ, ಗ್ಲುಟನ್ ಇಲ್ಲ. ಅನ್ನದ ಜೊತೆ ಈರುಳ್ಳಿ ಹುಳಿ ತಿಂದಾಗ ಹಳೇ ಕಾಟವೇ ವಾಪಸ್ ಬಂದರೆ ನಿಮ್ಮ ಶತ್ರು ಫ್ರಕ್ಟಾನ್. ಈರುಳ್ಳಿ ಎಷ್ಟು ತಿಂದರೂ ಏನೂ ಆಗದೆ, ಒಂದೆರಡು ಚಪಾತಿಗೇ ಕಾಟ ಶುರುವಾದರೆ ಗೋಧಿಯ ಪ್ರೋಟೀನ್‌ಗಳ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಪ್ರಮಾಣವನ್ನೂ ಗಮನಿಸಿ. ಒಂದು ಚಪಾತಿ ಸರಿ, ಮೂರಾದರೆ ಕಷ್ಟ ಅನ್ನುವುದು ಫ್ರಕ್ಟಾನ್‌ನ ಲಕ್ಷಣ.

ಗೋಧಿಯ ಸರದಿ ಬಂದಾಗ ನಿಮ್ಮನ್ನು ನೀವೇ ನಂಬಬೇಡಿ. ಗ್ಲುಟನ್ ಸೂಕ್ಷ್ಮತೆಯನ್ನು ಗುರುತಿಸಲು ತಜ್ಞರು ಮಾಡಿಕೊಂಡ, 2015ರಲ್ಲಿ ಪ್ರಕಟವಾದ ಸಲೆರ್ನೊ ಮಾನದಂಡದ ಪ್ರಕಾರ ದಿನಕ್ಕೆ 8 ಗ್ರಾಂ ಗ್ಲುಟನ್ ಒಂದು ವಾರ, ಮಧ್ಯೆ ಒಂದು ವಾರ ಬಿಡುವು, ಆಮೇಲೆ ಗ್ಲುಟನ್ ಇಲ್ಲದ್ದು ಒಂದು ವಾರ. ಯಾವಾಗ ಯಾವುದು ಅಂತ ತಿನ್ನುವವರಿಗೂ ಗೊತ್ತಿರಬಾರದು, ಕೊಡುವವರಿಗೂ ಗೊತ್ತಿರಬಾರದು. 8 ಗ್ರಾಂ ಅಂದರೆ ಸುಮಾರು ಮೂರು ಚಪಾತಿಯ ಹಿಟ್ಟು. ಮನೆಯಲ್ಲಿ ಅಷ್ಟು ಬಿಗಿಯಾಗಿ ಆಗುವುದಿಲ್ಲ, ಆದರೆ ಹತ್ತಿರ ಹೋಗಬಹುದು. ರಾಗಿ ದೋಸೆ ಹಿಟ್ಟಿಗೆ ಒಂದು ವಾರ ಗೋಧಿ ಹಿಟ್ಟು, ಇನ್ನೊಂದು ವಾರ ಅಕ್ಕಿ ಹಿಟ್ಟು ಬೆರೆಸಲಿ. ರಾಗಿಯ ಬಣ್ಣದಲ್ಲಿ ಗೊತ್ತಾಗುವುದಿಲ್ಲ. ಯಾವ ವಾರ ಯಾವುದು ಅಂತ ನಿಮಗೆ ಹೇಳಬಾರದು. ದಿನಾ ರಾತ್ರಿ ನೋವು, ಉಬ್ಬರ, ಸುಸ್ತಿಗೆ ಹತ್ತಕ್ಕೆ ಎಷ್ಟು ಅಂತ ಬರೆದಿಡಿ. ಹಿಟ್ಟು ಕಲಸುವ ಕೆಲಸ ಭ್ರಮೆ ಅಂದವರಿಗೇ ಕೊಡಿ. ಉತ್ತರ ಯಾವ ಕಡೆ ಬಂದರೂ ಆಮೇಲೆ ಮನೆಯಲ್ಲಿ ಜಗಳ ಇರುವುದಿಲ್ಲ.

ಜೀವನಪೂರ್ತಿ ಬಿಡಬೇಕಾ ಅಂದಿರಿ. ಸೀಲಿಯಾಕ್ ಇದ್ದರೆ ಹೌದು, ಕಣದಷ್ಟೂ ಸೇರಬಾರದು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಬೀಸಿದ ರಾಗಿ ಹಿಟ್ಟೂ ಬೇಡ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆಸಿರುವುದು ಸಾಮಾನ್ಯ, ಅದನ್ನೂ ನೋಡಬೇಕು. ನಿಮ್ಮದು ಸೀಲಿಯಾಕ್ ಅಲ್ಲದಿದ್ದರೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಎಷ್ಟು ತಡೆಯುತ್ತದೋ ಅಷ್ಟು ತಿನ್ನಿ. ಫ್ರಕ್ಟಾನ್ ನಿಮಗೆ ಗ್ಯಾಸ್ ಮಾಡಿದರೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಆಹಾರ, ಪೂರ್ತಿ ಬಿಟ್ಟರೆ ಅವೂ ಸೊರಗುತ್ತವೆ. ಕೆಲವು ತಿಂಗಳಿಗೊಮ್ಮೆ ಮತ್ತೆ ಸ್ವಲ್ಪ ಜಾಸ್ತಿ ತಿಂದು ನೋಡಿ, ಹೊಟ್ಟೆಯ ಸೂಕ್ಷ್ಮತೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಗೋಧಿ ಕಡಿಮೆ ಮಾಡಿದ ಜಾಗಕ್ಕೆ ಗ್ಲುಟನ್ ಇಲ್ಲದ ದುಬಾರಿ ಬಿಸ್ಕತ್ತು ತರಬೇಡಿ, ಅದರಲ್ಲಿ ಪಿಷ್ಟ, ಸಕ್ಕರೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ರಾಗಿ ಇದೆ, 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ. ಗುರುಗ್ರಾಮದಲ್ಲಿ ಸಜ್ಜೆ ಹಿಟ್ಟು, ಮೆಕ್ಕೆಜೋಳದ ಹಿಟ್ಟು ಸಲೀಸಾಗಿ ಸಿಗುತ್ತವೆ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಜ್ವರ, ರಕ್ತಹೀನತೆ ಇವುಗಳಲ್ಲಿ ಒಂದಿದ್ದರೂ ಈ ಪ್ರಯೋಗ ಎಲ್ಲ ಪಕ್ಕಕ್ಕಿಟ್ಟು ನೇರ ವೈದ್ಯರ ಹತ್ತಿರ ಹೋಗಿ.

ಮಗಳ ವಿಷಯ. ಅವಳಿಗೆ ತೊಂದರೆ ಇಲ್ಲದಿದ್ದರೆ ಗೋಧಿ ಬಿಡಿಸಬೇಡಿ. ಗೋಧಿ ಸೂಕ್ಷ್ಮತೆ ತಾಯಿಗಿದೆ ಅನ್ನುವುದು ಮಗುವಿಗೆ ಪಥ್ಯ ಹಾಕಲು ಕಾರಣ ಅಲ್ಲ. ಬಿಡಿಸಿದರೆ ಮುಂದೆ ಅವಳಿಗೆ ಸೀಲಿಯಾಕ್ ಪರೀಕ್ಷೆ ಮಾಡಬೇಕಾದಾಗ, ಗೋಧಿ ಬಿಟ್ಟವರ ಪರೀಕ್ಷೆಯ ಬಗ್ಗೆ ಮೇಲೆ ಹೇಳಿದ ತೊಡಕೇ ಅವಳಿಗೂ ಆಗುತ್ತದೆ. ಆದರೆ ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ನಿಮಗೆ ಸೀಲಿಯಾಕ್ ಅಂತ ಬಂದರೆ ಮಾತು ಬೇರೆ. ಆಗ ಅವಳಿಗೆ ಏನೂ ಲಕ್ಷಣ ಇಲ್ಲದಿದ್ದರೂ, ಅವಳು ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಪರೀಕ್ಷೆ ಮಾಡಿಸಿ. ನಿಮ್ಮ ಅಪ್ಪ ಅಮ್ಮ, ಒಡಹುಟ್ಟಿದವರಿಗೂ ಹೇಳಿ.